ದಿನಕ್ಕೆ ಗೂಮ ಎಷ್ಟು

ಈಶು ಮತ್ತೆ ಚಪ್ಪಲಿ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಶಾಲೆಯಿಂದ ಬಂದು, ಕೈಕಾಲು ತೊಳೆದು, ಬಟ್ಟಲು ಮಂಡಾಳು ತಿಂದು ಬೀದಿಗೆ ಓಡಬೇಕಾದ ಏಳು ವರ್ಷದ ಹುಡುಗಿ, ಎರಡೂ ಅಂಗೈ ತೊಡೆಯ ಕೆಳಗೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ದಿಕ್ಕು ನೋಡುತ್ತ ಕೂತರೆ ಯಾವ ತಾಯಿಗೆ ಒಲೆಯ ಮುಂದೆ ನಿಲ್ಲಲು ಮನಸ್ಸಾದೀತು? ಪದ್ಮಶ್ರೀ ಅಡುಗೆಮನೆಯಿಂದ ಎರಡು ಸಲ ಇಣುಕಿ ನೋಡಿದಳು. ಹಣೆ ಮುಟ್ಟಿ ನೋಡಿದ್ದಳು, ಜ್ವರವಿಲ್ಲ. ಶಾಲೆಯಲ್ಲಿ ಯಾರಾದರೂ ಹೊಡೆದರೇ? ಆಟೋದವನು ಏನಾದರೂ ಅಂದನೇ? ಮಕ್ಕಳು ಮಂಕಾಗಲು ಏನೇನು ಕಾರಣವೆಂದು ಫೋನಿನಲ್ಲಿ ಹುಡುಕಿದರೆ ಉದ್ದನೆಯ ಪಟ್ಟಿ ಬಂದಿತ್ತು. ಅದರಲ್ಲಿದ್ದದ್ದೆಲ್ಲ ತನ್ನ ಮಗಳಿಗೇ ಹೊಂದುತ್ತದೆ ಅನ್ನಿಸಿ, ಹೆದರಿ, ಫೋನನ್ನು ಬೋರಲು ಹಾಕಿದ್ದಳು.

"ಯಾರ ದಾರಿ ಕಾಯ್ತಿದ್ದೀಯೇ?"

"ಯಾರದೂ ಇಲ್ಲ."

"ಮತ್ತೆ ಚಪ್ಪಲಿ ಯಾಕೆ ಹಾಕ್ಕೊಂಡಿದ್ದೀಯ?"

"ಸುಮ್ನ."

ದೀಪ ಹಚ್ಚುವ ಹೊತ್ತಿಗೆ ಈಶು ಎದ್ದಳು, ಚಪ್ಪಲಿ ಬಿಟ್ಟಳು, ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಹೋದ ವಾರವೂ ಹೀಗೇ ಆಗಿತ್ತು, ಅದರ ಹಿಂದಿನ ವಾರವೂ. ನಡುವಿನ ದಿನಗಳಲ್ಲಿ ಹುಡುಗಿ ಚೆನ್ನಾಗೇ ಇರುತ್ತಿದ್ದಳು, ಆಡುತ್ತಿದ್ದಳು, ಜಗಳವಾಡುತ್ತಿದ್ದಳು. ಅದೇ ಪದ್ಮಶ್ರೀಯನ್ನು ಹೆಚ್ಚು ಕಾಡುತ್ತಿತ್ತು. ದಿನವೂ ಮಂಕಾಗಿದ್ದರೆ ಡಾಕ್ಟರಿಗೆ ಹೇಳಬಹುದಿತ್ತು. ಬಿಟ್ಟು ಬಿಟ್ಟು ಬರುವ ಈ ಮಂಕಿಗೆ ಏನನ್ನುವುದು?

ಕಾರಣದ ಹತ್ತಿರಕ್ಕೆ ಅವಳ ಮನಸ್ಸು ಹೋಗಿರಲಿಲ್ಲವೆಂದಲ್ಲ. ಹೋಗುತ್ತಿತ್ತು, ಬಾಗಿಲ ತನಕ ಹೋಗಿ ವಾಪಸು ಬರುತ್ತಿತ್ತು. ಮನೆಯಲ್ಲಿ ಒಬ್ಬರು ಕಡಿಮೆಯಾಗಿದ್ದರು. ಶೇಖಮ್ಮ.

ಶೇಖಮ್ಮ ಪದ್ಮಶ್ರೀಯ ಗಂಡ ಕಾಂತೇಶನ ತಾಯಿಯ ಅಕ್ಕ. ಅವನನ್ನು ಸಾಕಿದವಳು ಅವಳೇ, ಹಾಗಾಗಿ ಈ ಮನೆಗೆ ಅವಳೇ ಹಿರಿಯತ್ತೆ. ಅವಳ ತಂದೆ ಶಿವಶಂಕರಪ್ಪ ನಾರಾಯಣಪೇಟೆಯ ನೇಕಾರ. ಇಲ್ಲಿಯ ಮಗ್ಗದ ರೀತಿ ಬೇರೆ. ಒಂದು ಹಾಸು ನೂಲು ಏರಿಸಿದರೆ ಎಂಟು ಸೀರೆ ನೇಯ್ದು ಇಳಿಸಬೇಕು. ಎಂಟು ಮುಗಿಯುವ ತನಕ ಮನೆಯಲ್ಲಿ ಯಾರೂ ಊರಿಗೆ ಹೋಗುವಂತಿಲ್ಲ, ಜ್ವರ ಬರಿಸಿಕೊಳ್ಳುವಂತಿಲ್ಲ ಎಂದು ಶಿವಶಂಕರಪ್ಪ ಹೇಳುತ್ತಿದ್ದನಂತೆ. ಅವನು ಮಗ್ಗದ ಗುಂಡಿಯಲ್ಲಿ, ಹೆಂಡತಿ ಬಣ್ಣದ ಹಂಡೆಯ ಮುಂದೆ. ಹೆಣ್ಣುಮಕ್ಕಳಿಬ್ಬರು, ಶೇಖಮ್ಮ ಮತ್ತು ಅವಳಿಗಿಂತ ಎರಡು ವರ್ಷ ಚಿಕ್ಕವಳು ಸತ್ಯಮ್ಮ, ರಾಟೆಯ ಮುಂದೆ. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುವುದು ಅವರ ಕೆಲಸ. ಒಬ್ಬಳು ರಾಟೆ ತಿರುಗಿಸಿದರೆ ಇನ್ನೊಬ್ಬಳು ನೂಲು ಹಿಡಿಯಬೇಕು. ದಿನವಿಡೀ ಎದುರುಬದುರು ಕೂತ ಇಬ್ಬರು ಹುಡುಗಿಯರು ಏನು ತಾನೇ ಮಾಡಿಯಾರು? ಒಂದು ಭಾಷೆ ಮಾಡಿಕೊಂಡರು.

"ಅಪ್ಪಗ ಮೂರು ಮಾತು ಇದ್ವು ತಾಯಿ," ಎಂದು ಶೇಖಮ್ಮ ಪದ್ಮಶ್ರೀಗೆ ಒಮ್ಮೆ ಹೇಳಿದ್ದಳು. "ಸಾವುಕಾರನ ಮುಂದ ತೆಲುಗು, ಕಚೇರಿಯಾಗ ಉರ್ದು, ಮನ್ಯಾಗ ಕನ್ನಡ. ಮೂರರಾಗೂ ನಮ್ಮನ್ನ ಬೈತಿದ್ದ. ಅವಂಗ ತಿಳೀಲಾರದ್ದು ಒಂದು ಬೇಕಾತು. ಮಾಡಿಕೊಂಡ್ವಿ."

ಮೊದಲು ಬೈಗುಳ ಹುಟ್ಟಿದವಂತೆ. ಆಮೇಲೆ ತಿನ್ನುವ ಪದಾರ್ಥಗಳ ಹೆಸರು. ಅಪ್ಪ ಬರುತ್ತಿದ್ದಾನೆ ಅನ್ನಲು ಒಂದು ಮಾತು, ಅಮ್ಮನ ಸಿಟ್ಟು ಇಳಿದಿದೆ ಅನ್ನಲು ಒಂದು, ನೂಲು ಸುತ್ತುತ್ತ ಕೂತಲ್ಲೇ ಬರುವ ತೂಕಡಿಕೆಗೆ ಒಂದು. ಕೊನೆಗೆ ಲೆಕ್ಕ ಬಂತು. ಪಿಕು ಅಂದರೆ ಒಂದು, ಲೋಸ ಅಂದರೆ ಎರಡು, ಟೆನಿ ಮೂರು, ರುಬ ನಾಲ್ಕು, ಹೀಗೆ. ಗುಂಪು ತುಂಬಿತು ಅಂದರೆ ಗೂಮ. ಗೂಮದ ಮೇಲೆ ಇನ್ನೊಂದು ಸೇರಿದರೆ ಗೂಮ ಪಿಕು. ಎರಡು ಗುಂಪು ತುಂಬಿದರೆ ಲೋಸ ಗೂಮ.

ಆದರೆ ಎಷ್ಟಕ್ಕೆ ತುಂಬುತ್ತದೆ ಅನ್ನುವುದು ಏನನ್ನು ಎಣಿಸುತ್ತಿದ್ದೇವೆ ಅನ್ನುವುದರ ಮೇಲೆ ನಿಂತಿತ್ತು. ನೂಲಿಗೆ, ಬಟ್ಟೆಗೆ ಎಂಟಕ್ಕೆ ಗೂಮ, ಮಗ್ಗದ ಹಾಗೆ. ರೊಟ್ಟಿಗೆ ಹನ್ನೆರಡಕ್ಕೆ, ಯಾಕೆಂದರೆ ಅಮ್ಮ ರೊಟ್ಟಿ ತಟ್ಟುವಾಗ ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಗೆರೆ ಮುಟ್ಟಿ ಎಣಿಸುತ್ತಿದ್ದಳು, ಬೆರಳಿಗೆ ಮೂರು ಗೆರೆ. ಕೈಗೆ ಸಿಗಲಾರದ್ದಕ್ಕೆ, ಹಕ್ಕಿಗೆ, ಚುಕ್ಕಿಗೆ, ಕೈಬೆರಳು ಕಾಲ್ಬೆರಳು ಎಲ್ಲ ಸೇರಿ ಇಪ್ಪತ್ತಕ್ಕೆ. ಮಂದಿಗೆ ಮಾತ್ರ ಐದಕ್ಕೆ. ಯಾಕೆ ಐದು? ಅವರ ಮನೆಯಲ್ಲಿ ಇದ್ದದ್ದು ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಹುಡುಗಿಯರು. ಮನೆ ತುಂಬಿದರೆ ಗೂಮ. ಅಜ್ಜಿ ತೀರಿಕೊಂಡ ದಿನ ಇಬ್ಬರೂ ರಾಟೆಯ ಮುಂದೆ ಕೂತು ಮಂದಿಯ ಗೂಮವನ್ನು ನಾಲ್ಕಕ್ಕೆ ಇಳಿಸಿದರಂತೆ. ಇಳಿಸಿದ ಮೇಲೆಯೇ ಅಳು ಬಂತಂತೆ.

ಮುಂದೆ ಅದನ್ನು ಎಷ್ಟು ಸಲ ತಿದ್ದಬೇಕಾಯಿತೋ! ಶೇಖಮ್ಮನನ್ನು ಮಕ್ತಲ್‌ಗೆ ಕೊಟ್ಟರು. ಗಂಡ ಮದುವೆಯಾದ ಮೂರನೆಯ ವರ್ಷಕ್ಕೆ ಕಾಮಾಲೆಯಲ್ಲಿ ಹೋದ. ಕುಂಕುಮ ಅಳಿಸಿಕೊಂಡು ತವರಿಗೆ ಬಂದಳು. ಬಂದ ಬೇಸಿಗೆಯಲ್ಲೇ ಸತ್ಯಮ್ಮನನ್ನು ಹೊಳೆಯಾಚೆ ಗದ್ವಾಲಕ್ಕೆ ಕೊಟ್ಟರು. ಸತ್ಯಮ್ಮನಿಗೆ ಕಾಂತೇಶ ಹುಟ್ಟಿದ. ಎರಡನೆಯ ಹೆರಿಗೆಯಲ್ಲಿ ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಶೇಖಮ್ಮ ಗದ್ವಾಲಕ್ಕೆ ಹೋಗಿ ಮೂರು ವರ್ಷದ ಕಾಂತೇಶನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು, ಆಮೇಲೆ ಅಪ್ಪನೂ ಇಲ್ಲವಾದ. ಆ ಭಾಷೆ ಆಡಲು ಎದುರಿಗೆ ಯಾರೂ ಇಲ್ಲದಿದ್ದರೂ ಅವಳು ಬಿಡಲಿಲ್ಲ. ನೂಲು ಸುತ್ತುತ್ತ ತುಟಿಯಲ್ಲೇ ಆಡಿಕೊಳ್ಳುತ್ತಿದ್ದಳು. ಕೇರಿಯವರು, "ಶೇಖಮ್ಮನ ಬಾಯಾಗ ಹಗಲೂ ರಾತ್ರಿ ಪಂಚಾಕ್ಷರಿ ಐತಿ, ಪುಣ್ಯವಂತಿ," ಎಂದು ಕೈಮುಗಿಯುತ್ತಿದ್ದರು. ಅವಳು ಬೈಯುತ್ತಿದ್ದದ್ದು ಹರಿಯುವ ನೂಲನ್ನು.

ಕಾಂತೇಶನಿಗೂ ಆ ಮಾತು ಬರುತ್ತಿರಲಿಲ್ಲ. "ನನಗ ಕಲಿಸಾಕ ಒಲ್ಲೆ ಅಂದ್ಳು," ಎನ್ನುತ್ತಿದ್ದ. "ಗಂಡಸರಿಗೆ ಕಲಿಸಬಾರದಂತ ಅಕ್ಕತಂಗೇರ ಕರಾರಂತ. ತಂಗಿ ಸತ್ತ ಮ್ಯಾಲೂ ಕರಾರು ಮುರೀಲಿಲ್ಲ ನೋಡು."

ಪದ್ಮಶ್ರೀ ಹೈದರಾಬಾದಿನಲ್ಲಿ ಓದಿದವಳು. ಮನೆಮಾತು ಕನ್ನಡವಾದರೂ ಶಾಲೆ, ಕಾಲೇಜು ಎಲ್ಲ ಇಂಗ್ಲಿಷ್. ನಾರಾಯಣಪೇಟೆಯ ಸೀರೆ ವ್ಯಾಪಾರಿ ಕಾಂತೇಶನನ್ನು ಮದುವೆಯಾಗಿ ಬಂದ ಮೇಲೆ ಎಲ್ಲಕ್ಕೂ ಹೊಂದಿಕೊಂಡಳು, ಮಗಳ ಓದಿನ ವಿಷಯ ಒಂದನ್ನು ಬಿಟ್ಟು. ಸಣ್ಣ ಊರಿನ ಶಾಲೆ, ನನ್ನ ಮಗಳು ಹಿಂದೆ ಬೀಳುತ್ತಾಳೆ, ಅನ್ನುವ ಚಿಂತೆ ಈಶು ಹೊಟ್ಟೆಯಲ್ಲಿದ್ದಾಗಲೇ ಹತ್ತಿತ್ತು. ಮಗುವಿನ ನಿಜವಾದ ಹೆಸರು ಬಸವೇಶ್ವರಿ. ಕರೆಯುವುದಕ್ಕೆ ಈಶು ಎಂದು ಮಾಡಿಕೊಂಡದ್ದೂ ಅವಳೇ.

ಈಶು ಯಾವಾಗ ಆ ಭಾಷೆ ಕಲಿತಳೋ ಮನೆಯವರಿಗೆ ತಿಳಿಯಲಿಲ್ಲ. ಒಂದು ದಿನ ರೊಟ್ಟಿ ಬುಟ್ಟಿಯ ಮುಂದೆ ಅಜ್ಜಿ ಮೊಮ್ಮಗಳಿಬ್ಬರೂ ಏನೋ ಗಲಗಲ ಮಾತಾಡಿ ನಗುತ್ತಿದ್ದರು.

"ಅತ್ತೇರೇ, ಏನು ಮಾತದು?" ಎಂದು ಪದ್ಮಶ್ರೀ ಕೇಳಿದಳು.

"ನೀ ತೆಳ್ಳಗ ತಟ್ಟೀದಿ ಅಂತ ಹೊಗಳಾಕತ್ತೀವಿ."

"ಸುಳ್ಳು! ಅಮ್ಮನ ರೊಟ್ಟಿ ಹಪ್ಪಳ ಆಗ್ಯಾವ ಅಂದಿ ದೊಡ್ಡಜ್ಜಿ!" ಎಂದು ಈಶು ಕಿರುಚಿದಳು.

"ಚಾಡಿಕೋರಿ, ನಿನಗ ಕಲಿಸಿ ಕೆಟ್ಟೆ," ಎಂದಳು ಶೇಖಮ್ಮ. ಹಾಗೆ ಅನ್ನುವಾಗ ಅವಳ ಮುಖದಲ್ಲಿ ಇದ್ದ ಸಂತೋಷವನ್ನು ಪದ್ಮಶ್ರೀ ಮೊದಲ ಸಲ ನೋಡಿದ್ದಳು. ನಲವತ್ತು ವರ್ಷ ಒಬ್ಬಳೇ ಆಡಿಕೊಂಡ ಮಾತಿಗೆ ಉತ್ತರ ಬರತೊಡಗಿತ್ತು.

ಎರಡನೆಯ ತರಗತಿಯ ಗಣಿತದ ಪರೀಕ್ಷೆಯಲ್ಲಿ ಚಿತ್ರ ನೋಡಿ ಎಣಿಸುವ ಪ್ರಶ್ನೆಗಳಿದ್ದವು. ಹಗ್ಗಕ್ಕೆ ನೇತುಹಾಕಿದ ಎಂಟು ರಿಬ್ಬನ್ನುಗಳಿಗೆ ಈಶು 10 ಎಂದು ಬರೆದಿದ್ದಳು. ತಟ್ಟೆಯಲ್ಲಿದ್ದ ಹನ್ನೆರಡು ದೋಸೆಗೂ 10, ಗೂಮ ತುಂಬಿದರೆ ಹತ್ತು ಎಂದೇ ಅವಳ ಲೆಕ್ಕ. ಆಡುತ್ತಿದ್ದ ಐದು ಮಕ್ಕಳಿಗೆ 11, ಮನೆಯಲ್ಲಿ ಈಗ ಇದ್ದದ್ದು ನಾಲ್ವರು. ಪುಸ್ತಕ, ಪೆನ್ಸಿಲ್, ಚೆಂಡು ಮಾತ್ರ ಸರಿ, ಅವು ಆ ಭಾಷೆಯಲ್ಲಿ ಇರಲಿಲ್ಲ. ಶ್ರೀರಾಮುಲು ಸರ್ ಪದ್ಮಶ್ರೀಯನ್ನು ಕರೆಸಿದರು. ಒಳ್ಳೆಯ ಮನುಷ್ಯ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಪಾಪ ದಡ್ಡಿ ಅಲ್ಲಮ್ಮಾ. ದಡ್ಡರು ತಪ್ಪಿದರೆ ಹೇಗೆ ತಪ್ಪುತ್ತಾರೆ ಅಂತ ನನಗೆ ತೆಲುಸು. ಇದು ಬೇರೆ ಏನೋ. ಒಂದು ಸಲ ಡಾಕ್ಟರಿಗೆ ತೋರಿಸಿ."

"ಬೇರೆ ಏನೋ" ಅನ್ನುವ ಮಾತು ಪದ್ಮಶ್ರೀಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಹೈದರಾಬಾದಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಆಟಿಕೆ ಕೊಟ್ಟು, ಬ್ಲಾಕು ಜೋಡಿಸಲು ಹೇಳಿ, ಆರು ತಿಂಗಳು ನೋಡೋಣ, ಮನೆಯಲ್ಲಿ ಮಗುವಿಗೆ ಗೊಂದಲ ಮಾಡಬೇಡಿ ಅಂದರು. ಗೊಂದಲ ಯಾವುದೆಂದು ಪದ್ಮಶ್ರೀಗೆ ಗೊತ್ತಿತ್ತು.

"ಅತ್ತೇರೇ, ಆ ಮಾತು ಇನ್ನು ಬೇಡ್ರಿ. ಎಂಟಕ್ಕೆ ಹತ್ತು ಅಂತ ಬರೀತಾಳೆ."

"ಎಂಟು ಏನಿದ್ವು?"

"ಏನಾದ್ರೇನ್ರಿ? ರಿಬ್ಬನ್ನು."

"ರಿಬ್ಬನ್ನು ಬಟ್ಟೀನೇ ಅಲ್ಲೇನು? ಹಂಗಾದ್ರ ಸರೀನೇ ಬರದಾಳಲ್ಲ ನನ್ನ ಬಂಗಾರ!" ಶೇಖಮ್ಮ ನಕ್ಕಳು. ಪದ್ಮಶ್ರೀಯ ಕಣ್ಣು ತುಂಬಿದ್ದು ಕಂಡು ನಗು ಅರ್ಧಕ್ಕೇ ನಿಂತಿತು. "ಅಯ್ಯ, ಅಳಬ್ಯಾಡ. ನಾ ಬಿಡಸ್ತೀನಿ. ಆಟದ ಮಾತು, ಅದಕ್ಯಾಕ ಅಳ್ತಿ?"

ಬಿಡಿಸಲು ನೋಡಿದಳು. ಈಶು ಆ ಭಾಷೆಯಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಟ್ಟಳು. ಹುಡುಗಿ ಮೊದಲು ಆಟವೆಂದುಕೊಂಡಳು, ಆಮೇಲೆ ಸಿಟ್ಟಾದಳು, ಆಮೇಲೆ ದೊಡ್ಡಜ್ಜಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಮತ್ತೆ ಕೇಳಿದಳು. ವಾರವೂ ತುಂಬಿರಲಿಲ್ಲ. ಹಿತ್ತಲಲ್ಲಿ ಇಬ್ಬರೂ ಪಿಸುಮಾತಿನಲ್ಲಿ ಚುಕ್ಕಿ ಎಣಿಸುತ್ತಿದ್ದದ್ದು ಪದ್ಮಶ್ರೀಯ ಕಿವಿಗೆ ಬಿತ್ತು. ಅವಳು ಹಿತ್ತಲ ಬಾಗಿಲು ಮುಂದೆ ಮಾಡಿ ಒಳಗೆ ಹೋದಳು. ಮರುದಿನ ಶೇಖಮ್ಮ ತಾನಾಗಿಯೇ ಚೀಲ ತುಂಬಿಕೊಂಡಳು.

"ಮಕ್ತಲ್ಕ ಹೋಗಿ ನಾಕು ದಿನ ಇದ್ದು ಬರ್ತೀನಿ. ನಮ್ಮ ಮೈದುನನ ಸೊಸಿ ಬುಚ್ಚಮ್ಮ ಕರ್ದು ಕರ್ದು ಸಾಕಾಗ್ಯಾಳ. ನಾ ಎದುರಿಗಿದ್ರ ಅದು ಬಿಡೂದಿಲ್ಲ ತಾಯಿ. ಖರೇ ಹೇಳ್ಬೇಕಂದ್ರ, ನನಗೂ ಬಿಡಾಕಾಗೂದಿಲ್ಲ."

"ಬೇಡ್ರಿ ಅತ್ತೇರೇ," ಎಂದಳು ಪದ್ಮಶ್ರೀ, ಒಂದೇ ಸಲ.

ಬಸ್ಸಿನ ಮೆಟ್ಟಿಲ ಹತ್ತಿರ ಈಶು ಸೆರಗು ಹಿಡಿದು ಯಾವಾಗ ಬರುತ್ತಿ ಎಂದು ಕೇಳಿದಳು. ಶೇಖಮ್ಮ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಸಮಾಧಾನವಾಗಿ ಸೆರಗು ಬಿಟ್ಟಳು.

ಅವಳು ಹೋಗಿ ಎರಡು ವಾರವಾಗುವುದರೊಳಗೆ ಬುಚ್ಚಮ್ಮನ ಫೋನು ಬಂತು. "ಲಕ್ವಾ ಹೊಡದೈತ್ರಿ. ಬಲಗೈ ಎತ್ತಾಕ ಬರವಲ್ದು. ಬಾಯಿ ಹೋಗಿಲ್ಲ, ಮಾತು ಐತಿ. ಆದ್ರ ಯಾ ಮಾತಂತ ತಿಳೀವಲ್ದು. ತೆಲುಗಲ್ಲ, ಕನ್ನಡಲ್ಲ, ಸಾಬರ ಮಾತೂ ಅಲ್ಲ. ಗಾಳಿ ಸೋಕೇತಿ ಅಂತ ಮಂತ್ರ ಹಾಕೂ ಕುರುಮಯ್ಯನ್ನ ಕರಸಿ ತಾಯತ ಕಟ್ಟಿಸೀನಿ." ಕಾಂತೇಶ ಓಡಿದ. ಗದ್ವಾಲದಲ್ಲಿ ಡಾಕ್ಟರಿಗೆ ತೋರಿಸಿ, ಔಷಧಿ ಬರೆಸಿಕೊಂಡು, ಮಕ್ತಲ್‌ನಲ್ಲಿ ಬಿಟ್ಟು ಬಂದ. ಮತ್ತೆ ನಾರಾಯಣಪೇಟೆಯ ತನಕ ಬಸ್ಸಿನಲ್ಲಿ ಅಲುಗಿಸುವುದು ಈಗಲೇ ಬೇಡವೆಂದು ಡಾಕ್ಟರು ಹೇಳಿದ್ದರು. ಮೆದುಳಿಗೆ ಪೆಟ್ಟು ಬಿದ್ದಾಗ ಉಳಿದದ್ದೆಲ್ಲ ಹೋಗಿ ಮನಸ್ಸಿಗೆ ಹತ್ತಿರದ ಮಾತೊಂದೇ ಉಳಿಯುವುದುಂಟು ಎಂದೂ ಅಂದಿದ್ದರಂತೆ.

"ನನ್ನ ಗುರ್ತು ಹಿಡದ್ಳು ಪದ್ದೂ," ಎಂದ ಕಾಂತೇಶ, ಅಂಗಿಯ ಗುಂಡಿ ಬಿಚ್ಚದೆ ಕೂತು. "ಏನೋ ಕೇಳಿದ್ಳು. ಮತ್ತ ಕೇಳಿದ್ಳು. ನನಗ ತಿಳೀಲಿಲ್ಲ. ಎಡಗೈಲೆ ನನ್ನ ಗಲ್ಲ ಹಿಡದು ಕೇಳಿದ್ಳು. ನಾ ಹೂಂ ಅಂದೆ, ಸುಮ್ನ ಹೂಂ ಅಂದೆ. ಮಕ ತಿರುವಿಬಿಟ್ಳು." ಆಮೇಲೆ ಗುಂಡಿ ಬಿಚ್ಚುತ್ತ, "ಈಶೂನ ಕರ್ಕೊಂಡು ಹೋಗೂಣು. ಅಕಿ ಒಬ್ಬಾಕೀಗೆ ತಿಳೀತೈತಿ," ಎಂದ.

ಮುಂದಿನ ವಾರ, ಎಂದಳು ಪದ್ಮಶ್ರೀ. ಪರೀಕ್ಷೆ ಇದೆ. ಬಾಯಿ ಸೊಟ್ಟಗಾದ ಅಜ್ಜಿಯನ್ನು ನೋಡಿ ಮಗು ಹೆದರಿದರೆ? ಈಗಷ್ಟೇ ಎಂಟಕ್ಕೆ ಎಂಟು ಬರೆಯುತ್ತಿದ್ದಾಳೆ, ಮತ್ತೆ ಶುರುವಾದರೆ? ಬುಚ್ಚಮ್ಮ ಎರಡು ಸಲ ನೇರವಾಗಿ ಅವಳಿಗೇ ಫೋನು ಮಾಡಿದಳು. ಪದ್ಮಶ್ರೀ ಎತ್ತಲಿಲ್ಲ. ಎತ್ತಿದರೆ ಆ ಕಡೆಯಿಂದ ಏನು ಕೇಳಿಸುತ್ತದೋ ಎಂಬ ಹೆದರಿಕೆ. ಈಶುವಿಗೆ ಯಾರೂ ಏನೂ ಹೇಳಲಿಲ್ಲ.

ಈಗ ಗೋಡೆಗೆ ಮುಖ ಮಾಡಿ ಮಲಗಿದ ಮಗಳ ಪಕ್ಕದಲ್ಲಿ ಪದ್ಮಶ್ರೀ ಕೂತಳು. ಬೆನ್ನು ಸವರಿದಳು.

"ಯಾರಾದ್ರೂ ಏನಾದ್ರೂ ಅಂದ್ರಾ ಪುಟ್ಟಿ?"

"ಇಲ್ಲ." ಆಮೇಲೆ ಗೋಡೆಗೇ ಹೇಳಿದ ಹಾಗೆ ಈಶು ಅಂದಳು: "ಬೈಯಂಗಿಲ್ಲ ಅಂದ್ರ ಹೇಳ್ತೀನಿ."

"ಬೈಯಲ್ಲ."

"ದೊಡ್ಡಜ್ಜಿ ಒಂದು ಗೂಮ ದಿನಕ್ಕ ಬರ್ತೀನಂದಿದ್ಳು. ದಿನಕ್ಕ ಗೂಮ ಎಷ್ಟಂತ ನನಗ ಹೇಳೇ ಇಲ್ಲ. ಮಂದಿ ಹಂಗ ಇರ್ಬೇಕಂತ ನಾಕಕ್ಕ ಕಾದೆ. ನೂಲಿನಂಗ ಎಂಟಕ್ಕ ಕಾದೆ. ರೊಟ್ಟಿ ಹಂಗ ಹನ್ನೆರಡಕ್ಕ ಕಾದೆ. ಇವತ್ತು ಚುಕ್ಕಿದು. ಚುಕ್ಕಿದೂ ಆತು. ಇನ್ನ ಯಾವುದೂ ಉಳದಿಲ್ಲ ಅಮ್ಮ."

ಪದ್ಮಶ್ರೀ ಮನಸ್ಸಿನಲ್ಲೇ ದಿನ ಎಣಿಸಿದಳು, ಇಪ್ಪತ್ತಾಗಿತ್ತು.

"ಮಂದಿ ಗೂಮ ಈಗ ಮೂರು ಮಾಡ್ಬೇಕೇನು?" ಎಂದು ಈಶು ಕೇಳಿದಳು. "ನೀನು, ಅಪ್ಪ, ನಾನು. ನಾ ಇನ್ನ ಮಾಡಿಲ್ಲ."

ಅಂಗಡಿ ಮುಚ್ಚಿ ಬಂದ ಕಾಂತೇಶ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಪದ್ಮಶ್ರೀ ಹಿಂದೆಯೇ ಹೋದಳು.

"ದಿನಕ್ಕೆ ಎಷ್ಟ್ರೀ ಅದು? ನಿಮಗೆ ಗೊತ್ತಾ?"

"ಇಲ್ಲ. ಯಾರಿಗೂ ಗೊತ್ತಿಲ್ಲ." ಕಾಂತೇಶ ಕೆಳಗೆ ನೋಡುತ್ತಲೇ ಹೇಳಿದ. "ನಮ್ಮವ್ವ ಗದ್ವಾಲಕ್ಕ ಹೊಂಟಾಗ ದೊಡ್ಡವ್ವಗ ಇದ ಮಾತು ಹೇಳಿ ಹೋಗಿದ್ಳಂತ. ಒಂದು ಗೂಮ ದಿನಕ್ಕ ಬರ್ತೀನಿ ಅಂತ. ಗಾಡಿ ಹೋದ ಮ್ಯಾಲೆ ದೊಡ್ಡವ್ವಗ ನೆಪ್ಪಾತಂತ, ದಿನಕ್ಕ ಎಷ್ಟಂತ ಇಬ್ರೂ ಇಟ್ಟೇ ಇಲ್ಲ ಅಂತ. ದಿನಾ ಕೂಡೇ ಇರ್ತಿದ್ರಲ್ಲ, ದಿನ ಎಣಿಸೂ ಪ್ರಸಂಗ ಎಲ್ಲಿ ಬಂದಿತ್ತು ಅವ್ರಿಗೆ? ಅಕಿ ಬಂದಾಗ ಕೇಳಿದ್ರಾತು ಅಂತ ಸುಮ್ನಾದ್ಳಂತ. ಆ ಮನಿಯವ್ರು ಅವ್ವನ್ನ ತವರಿಗೆ ಕಳಿಸಲೇ ಇಲ್ಲ. ಹೆಣ ನೋಡಾಕ ದೊಡ್ಡವ್ವನೇ ಹೋಗ್ಬೇಕಾತು."

ಬೀದಿಯಲ್ಲಿ ಯಾರದೋ ಬೈಕು ಹೋಯಿತು. ಪದ್ಮಶ್ರೀ ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. ತುಂಬದ ಲೆಕ್ಕವೆಂದು ತಿಳಿದೂ ಶೇಖಮ್ಮ ಅದನ್ನೇ ಮಗುವಿನ ಕಿವಿಯಲ್ಲಿ ಹೇಳಿದ್ದಳು. ಯಾಕೆ? ಸುಳ್ಳು ಹೇಳಲು ಮನಸ್ಸಿಲ್ಲದೆಯೇ? ಮರಳಿ ಬರುವ ದಿನವನ್ನು ಗೊತ್ತುಮಾಡುವುದು ತನ್ನ ಕೈಯಲ್ಲಿಲ್ಲ, ಸೊಸೆಯ ಕೈಯಲ್ಲಿದೆ ಎಂದೇ? ಬೋರಲು ಹಾಕಿದ್ದ ಫೋನಿನಂತೆ ಆ ಪ್ರಶ್ನೆಯನ್ನೂ ಮಗುಚಿಡಲು ನೋಡಿದಳು. ಆಗಲಿಲ್ಲ. ಒಳಗೆ ಹೋಗಿ ಈಶುವನ್ನು ಎಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡಳು. ದೊಡ್ಡಜ್ಜಿಗೆ ಹುಷಾರಿಲ್ಲ, ಕೈ ಎತ್ತಲು ಬರುವುದಿಲ್ಲ, ಕನ್ನಡ ಆಡಲು ಆಗುತ್ತಿಲ್ಲ, ಎಂದು ಹೇಳಿದಳು. ಈಶು ಹೆದರಲಿಲ್ಲ.

"ನಮ್ಮ ಮಾತು ಬರ್ತೈತಿ?"

"ಅದೊಂದೇ ಬರುತ್ತಂತೆ."

"ಮತ್ತ ಯಾರ ಜೋಡಿ ಆಡ್ತಾಳ?"

ಪದ್ಮಶ್ರೀ ಬುಚ್ಚಮ್ಮನ ನಂಬರು ಒತ್ತಿದಳು.

"ಅಬ್ಬ! ಫೋನು ಎತ್ತಾಕ ಬರಲಿಲ್ಲ ಅಂದ್ರೂ ಹಚ್ಚಾಕರ ಬರ್ತೈತಲ್ಲ ನಿಮಗ," ಎಂದಳು ಬುಚ್ಚಮ್ಮ. ಆಮೇಲೆ ದನಿ ತಗ್ಗಿಸಿ, "ಎಚ್ಚರ ಅದಾಳ್ರಿ. ಕಿವಿಗೆ ಹಿಡೀತೀನಿ, ಮಾತಾಡ್ರಿ," ಎಂದಳು.

ಪದ್ಮಶ್ರೀ ಸ್ಪೀಕರಿಗೆ ಹಾಕಿ ಫೋನನ್ನು ಮಗಳ ಬಾಯಿಯ ಮುಂದೆ ಹಿಡಿದಳು. ಈಶು ಒಂದೇ ಒಂದು ಮಾತು ಆಡಿದಳು. ಆ ಕಡೆಯಿಂದ ದಪ್ಪನಾದ, ತೊದಲುವ ದನಿ ಬಂತು, ತಡೆದು ತಡೆದು. ಈಶು ಉತ್ತರ ಕೊಟ್ಟಳು. ದನಿ ಮತ್ತೆ ಬಂತು, ಈ ಸಲ ಬೇಗ. ಇಬ್ಬರೂ ಮಾತಾಡಿದರು. ಕಾಂತೇಶ ಬಾಗಿಲ ಚೌಕಟ್ಟಿಗೆ ಒರಗಿ, ಗಂಡಸರಿಗೆ ಕಲಿಸದ ಆ ಮಾತನ್ನು ತಲೆ ತಗ್ಗಿಸಿ ಕೇಳಿದ. ಏನೆಂದು ಪದ್ಮಶ್ರೀ ಕೇಳಲಿಲ್ಲ. ನಡುವೆ ಈಶು ತನ್ನ ಬೆರಳಿನ ಗೆರೆಗಳನ್ನು ಹೆಬ್ಬೆರಳಿನಿಂದ ಮುಟ್ಟುತ್ತ ಏನನ್ನೋ ಎಣಿಸಿ ಹೇಳಿದಳು. ಆ ಕಡೆಯ ದನಿ ತಿದ್ದಿತು. ಈಶು ಮತ್ತೆ ಎಣಿಸಿದಳು.

ಆಮೇಲೆ ಹುಡುಗಿ ತಾಯಿಯ ಕಡೆ ತಿರುಗಿದಳು.

"ಯಾವಾಗ ಬರ್ತೀರಿ ಅಂತ ಕೇಳಾಕತ್ಯಾಳ. ಅಪ್ಪನ್ನೂ ಕೇಳಿದ್ಳಂತ, ಅಪ್ಪ ಬರೇ ಹೂಂ ಅಂದನಂತ."

"ನಾಳೆ ಬೆಳಿಗ್ಗೆ ಅಂತ ಹೇಳು."

"ನಾಳೆ ಪರೀಕ್ಷೆ ಐತಲ್ಲ?"

"ಇರಲಿ. ಹೇಳು."

ಈಶು ಬಾಯಿ ತೆರೆದು, ಯೋಚಿಸಿ, ಮುಚ್ಚಿದಳು. "ನಾಳೆ ಅನ್ನಾಕ ನಮ್ಮ ಮಾತಿನಾಗ ಏನೂ ಇಲ್ಲಮ್ಮ. ಅವ್ರು ಮಾಡೇ ಇಲ್ಲ."

ಆ ಕಡೆ ಶೇಖಮ್ಮ ಕಾಯುತ್ತಿದ್ದಳು. ಉಸಿರು ಕೇಳಿಸುತ್ತಿತ್ತು. ಪದ್ಮಶ್ರೀ ಫೋನನ್ನು ತನ್ನ ಬಾಯಿಯ ಹತ್ತಿರ ತಂದುಕೊಂಡಳು.

"ಅತ್ತೇರೇ, ನಾನು ಪದ್ಮಶ್ರೀ. ನಾಳೆ ಬರ್ತೀವ್ರಿ. ಎಲ್ಲಾರೂ ಬರ್ತೀವಿ. ನಾಳೆ."

"ತಿಳೀತೋ ಇಲ್ಲೋ ನಾ ಹೆಂಗ ಹೇಳ್ಲಿ?" ಎಂದಳು ಬುಚ್ಚಮ್ಮ ದೂರದಿಂದ. "ಫೋನಿನ ಕಡೀನೇ ನೋಡಾಕತ್ಯಾಳ."

"ತೆಗೀಬೇಡ್ರಿ," ಎಂದಳು ಪದ್ಮಶ್ರೀ. "ಕಿವಿಯಿಂದ ತೆಗೀಬೇಡ್ರಿ, ಹಂಗೇ ಹಿಡೀರಿ."